ಹಕ್ಕಿಯ ಸುದ್ದಿ ಊರಿಗೆ, ಮನೆಯ ದಾರಿ ನಮ್ಮೊಳಗೆ: ಆನ್‌ಲೈನ್ ಹವ್ಯಾಸಿ ಬಳಗ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಅಕ್ಕ ಒಬ್ಬರು ನಮ್ಮ ಹಕ್ಕಿ ಬಳಗಕ್ಕೆ ಸೇರಿದ ಮೊದಲ ವಾರವೇ ಒಂದು ಫೋಟೊ ಹಾಕಿದರು. ಅಡಿಕೆ ತೋಟದ ಅಂಚಿನಲ್ಲಿ, ಒಂದು ಬಳ್ಳಿಯ ಮೇಲೆ ಎರಡು ಕಪ್ಪೆಬಾಯಿ ಹಕ್ಕಿಗಳು. ಒಣಗಿದ ಎಲೆಗಳ ಹಾಗೆ ಒಂದಕ್ಕೊಂದು ಅಂಟಿ ಕೂತಿದ್ದವು. ಹಿಂದೆ ಮನೆಯ ಮಾಡು ಕಾಣುತ್ತಿತ್ತು. ನಮಗೆಲ್ಲ ಬಹಳ ಖುಷಿಯಾಯಿತು. ಅದೇ ಫೋಟೊವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದೆವು. ಊರಿನ ಹೆಸರು ಬರೆದೆವು. ನೋಡಬೇಕಾದವರು ಕರೆ ಮಾಡಿ ಅಂತ ಅಕ್ಕನ ನಂಬರನ್ನೂ ಕೊಟ್ಟೆವು. ಅವರನ್ನು ಒಂದು ಮಾತು ಕೇಳಲಿಲ್ಲ.

ನಾಲ್ಕೈದು ದಿನದಲ್ಲಿ ಗುರುತಿಲ್ಲದವರ ಕಾರು, ಬೈಕು ಬರತೊಡಗಿದವು. ಕೆಲವರು ರಾತ್ರಿ ಟಾರ್ಚ್ ಹಿಡಿದು ತೋಟದೊಳಗೆ ನಡೆದರು. ಅಕ್ಕ ಮನೆಯಲ್ಲಿ ಒಬ್ಬರೇ ಇರುವವರು. ಕಪ್ಪೆಬಾಯಿ ಹಕ್ಕಿ ಹಗಲಿಡೀ ಒಂದೇ ಜಾಗದಲ್ಲಿ ಅಲುಗಾಡದೆ ಕೂರುತ್ತದೆ, ದಿನವೂ ಅದೇ ಕೊಂಬೆಗೆ ಬರುತ್ತದೆ. ಅದನ್ನು ಹುಡುಕಲು ಒಮ್ಮೆ ಜಾಗ ಗೊತ್ತಾದರೆ ಸಾಕು. ಹತ್ತು ದಿನದೊಳಗೆ ಆ ಜೋಡಿ ಬಳ್ಳಿ ಬಿಟ್ಟು ಹೋಯಿತು. ಅಕ್ಕನೂ ಯಾರಿಗೂ ಏನೂ ಹೇಳದೆ ಗ್ರೂಪ್ ಬಿಟ್ಟರು.

ಹೆದರಿ ಎಲ್ಲವನ್ನೂ ಮುಚ್ಚಿದೆವು. ಲಿಂಕ್ ತೆಗೆದೆವು, ಪಟ್ಟಿ ತೆಗೆದೆವು, ಹೊರಗಿನವರಿಗೆ ಏನೂ ಹೇಳಬಾರದು ಅಂತ ನಿಯಮ ಮಾಡಿದೆವು. ಅದು ಎರಡನೇ ತಪ್ಪು. ಒಂದು ವರ್ಷ ಹೊಸಬರು ಒಬ್ಬರೂ ಬರಲಿಲ್ಲ. ಕಾಲೇಜು ಹುಡುಗಿಯೊಬ್ಬಳು ಪದವಿನ (ಮುರಕಲ್ಲಿನ ಬಯಲಿನ) ಹಕ್ಕಿಗಳ ಬಗ್ಗೆ ಕೇಳಿ ಕಳಿಸಿದ ಸಂದೇಶಕ್ಕೆ ಉತ್ತರವೇ ಹೋಗಲಿಲ್ಲ. ಹಿರಿಯ ಮಾಷ್ಟ್ರೊಬ್ಬರ ಫೋನು ಹಾಳಾದಾಗ ಅವರ ಆರು ವರ್ಷದ ಟಿಪ್ಪಣಿಯೂ ಹೋಯಿತು, ಯಾಕೆಂದರೆ ಅದು ಗ್ರೂಪಿನ ಮಾತುಕತೆಯೊಳಗೆ ಮಾತ್ರ ಇತ್ತು.

ಈ ಎರಡು ತಪ್ಪುಗಳನ್ನು ತಿದ್ದಿಕೊಳ್ಳಲು ನಮಗೆ ಎರಡು ಮಳೆಗಾಲ ಹಿಡಿಯಿತು. ನಿಮ್ಮದು ಹಕ್ಕಿಯ ಬಳಗ ಆಗಬೇಕೆಂದಿಲ್ಲ. ಯಕ್ಷಗಾನದ ಹಳೆಯ ಧ್ವನಿಮುದ್ರಿಕೆ ಕೂಡಿಡುವವರು, ಕಾಟು ಮಾವಿನ ಕಸಿ ಹಂಚಿಕೊಳ್ಳುವವರು, ಹಳೆ ನಾಣ್ಯದವರು, ಎಲ್ಲರಿಗೂ ಇದೇ ಹೆಜ್ಜೆಗಳು ಸಾಕು. ಹಕ್ಕಿ ಇರುವ ಕಡೆ ನಿಮ್ಮ ವಿಷಯ ಇಟ್ಟುಕೊಂಡು ಓದಿ.

ಹೆಜ್ಜೆ 1: ಕೈಯಲ್ಲಿ ಏನೇನಿದೆ, ಬರೆದು ನೋಡಿ

ಫೋನು ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸದಸ್ಯರ ಬಗ್ಗೆ ಬಳಗಕ್ಕೆ ಏನೆಲ್ಲ ಗೊತ್ತು ಅಂತ ಬರೆಯಿರಿ. ಹೆಸರು, ನಂಬರು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೆ ಉಳಿಯುವುದು ಬೇರೆ. ಯಾರ ಮನೆ ಯಾವ ತಿರುವಿನಲ್ಲಿದೆ. ಯಾರು ಭಾನುವಾರ ಬೆಳಿಗ್ಗೆ 6ಕ್ಕೆ ಮನೆ ಬಿಡುತ್ತಾರೆ. ಯಾರು ಒಬ್ಬರೇ ಇರುತ್ತಾರೆ. ಯಾರ ಮಗ ಯಾವ ಶಾಲೆಯ ಯೂನಿಫಾರ್ಮಿನಲ್ಲಿ ಫೋಟೊದಲ್ಲಿದ್ದಾನೆ. ಯಾರ ಹತ್ತಿರ ಬೆಲೆಬಾಳುವ ಕ್ಯಾಮೆರಾ ಇದೆ. ಇದನ್ನೆಲ್ಲ ಯಾರೂ ಬೇಕೆಂದು ಕೊಟ್ಟದ್ದಲ್ಲ. ದಿನದ ಮಾತಿನಲ್ಲಿ, ಫೋಟೊದ ಮೂಲೆಯಲ್ಲಿ ಬಂದು ಸೇರಿದ್ದು.

ನಮ್ಮ ಹಳೆಯ ಸದಸ್ಯತ್ವದ ಫಾರಂನಲ್ಲಿ ಹುಟ್ಟಿದ ದಿನ, ಪೂರ್ತಿ ವಿಳಾಸ, ರಕ್ತದ ಗುಂಪು, ಉದ್ಯೋಗ ಎಲ್ಲ ಇತ್ತು. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ, ಇನ್ನೊಂದು ಸಂಘದ ಫಾರಂ ನೋಡಿ ಮಾಡಿದ್ದು. ಈಗ ನಾವು ಕೇಳುವುದು ಮೂರೇ: ಕರೆಯಬೇಕಾದ ಹೆಸರು, ನಂಬರು, ಪಂಚಾಯತು. ಕಾಡಿಗೆ ಹೋಗುವ ದಿನ ಮಾತ್ರ ಮನೆಯವರ ಇನ್ನೊಂದು ನಂಬರು ತೆಗೆದುಕೊಳ್ಳುತ್ತೇವೆ, ವಾಪಸ್ಸು ಬಂದ ಮೇಲೆ ಆ ಚೀಟಿ ಹರಿಯುತ್ತೇವೆ. ನಮ್ಮಲ್ಲಿ ಇಲ್ಲದ್ದು ಸೋರುವುದಿಲ್ಲ, ಅಲ್ವಾ?

ಹೆಜ್ಜೆ 2: ಅಂಗಳ, ಜಗಲಿ, ಒಳಮನೆ

ನಮ್ಮ ಮನೆಗಳಲ್ಲಿ ಇದು ಮೊದಲೇ ಇದೆ. ಅಂಗಳಕ್ಕೆ ಯಾರು ಬೇಕಾದರೂ ಬರಬಹುದು. ಜಗಲಿಯಲ್ಲಿ ಪರಿಚಯದವರು ಕೂರುತ್ತಾರೆ. ಒಳಮನೆಗೆ ಮನೆಯವರು ಮಾತ್ರ. ಹಾಳೆಯಲ್ಲಿ ಬರೆದ ಪ್ರತಿಯೊಂದನ್ನೂ ಈ ಮೂರರಲ್ಲಿ ಒಂದು ಕಡೆ ಇಡಿ.

ಅಂಗಳದಲ್ಲಿ ಇಡಬೇಕಾದ್ದು ಧಾರಾಳವಾಗಿರಲಿ. ಯಾವ ಹಕ್ಕಿ, ಯಾವ ತಿಂಗಳು, ಯಾವ ಪಂಚಾಯತು, ಹೇಗೆ ಗುರುತಿಸುವುದು, ಬಳಗಕ್ಕೆ ಹೇಗೆ ಸೇರುವುದು. ಕುಂಬಳೆ ಹತ್ತಿರದ ಕಿದೂರಿನಂಥ ಜಾಗ ಹಕ್ಕಿ ನೋಡುವವರಿಗೆಲ್ಲ ಗೊತ್ತೇ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಸ್ಸು ಎಲ್ಲಿ ಇಳಿಯಬೇಕು ಅಂತಲೂ ಬರೆಯಿರಿ. ಹತ್ತನೇ ತರಗತಿಯ ಹುಡುಗ ಯಾರನ್ನೂ ಕೇಳದೆ ಇದನ್ನು ಓದಿ ಹಕ್ಕಿ ನೋಡಲು ಶುರುಮಾಡಬೇಕು.

ಜಗಲಿಯಲ್ಲಿ ಸದಸ್ಯರ ದಿನನಿತ್ಯದ ಮಾತು, ಫೋಟೊ, ನಡಿಗೆಯ ಸಮಯ, ಸೇರುವ ಜಾಗ.

ಒಳಮನೆಯಲ್ಲಿ ಮನೆ ವಿಳಾಸ, ಖಾಸಗಿ ತೋಟದ ಜಾಗ, ಗೂಡಿನ ಜಾಗ, ಮಕ್ಕಳ ವಿವರ. ಇವು ಮೂರು ಜನಕ್ಕೆ ಮಾತ್ರ ಗೊತ್ತಿರಲಿ. ಒಬ್ಬರಿಗೇ ಗೊತ್ತಿದ್ದರೆ ಅವರ ಫೋನು ಹೋದ ದಿನ ಎಲ್ಲ ಹೋಗುತ್ತದೆ. ಹತ್ತು ಜನಕ್ಕೆ ಗೊತ್ತಿದ್ದರೆ ಅದು ಒಳಮನೆ ಅಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಬಿಳಿಹೊಟ್ಟೆಯ ಕಡಲ ಹದ್ದನ್ನು 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿ ಅಂತ ಘೋಷಿಸಿದರು. ಈ ಹದ್ದು ಕಡಲ ದಡದ ಎತ್ತರದ ಮರಗಳಲ್ಲಿ ದೊಡ್ಡ ಗೂಡು ಕಟ್ಟುತ್ತದೆ, ಅದೇ ಗೂಡಿಗೆ ವರ್ಷವರ್ಷವೂ ಬರುತ್ತದೆ. ಆ ಮರ ಸಾಮಾನ್ಯವಾಗಿ ಯಾರದೋ ಹಿತ್ತಲಿನದು. ಹದ್ದು ಮಂಜೇಶ್ವರದ ಕಡಲಲ್ಲಿ ಮೀನು ಹಿಡಿಯಿತು ಎಂಬುದು ಅಂಗಳದ ಸುದ್ದಿ. ಗೂಡಿನಲ್ಲಿ ಮರಿ ಇದೆ ಎಂಬುದು ಜಗಲಿಯ ಸುದ್ದಿ. ಮರ ಯಾರ ಹಿತ್ತಲಲ್ಲಿದೆ ಎಂಬುದು ಒಳಮನೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಹೇಳಿದೆ. ಹಾಗಾಗಿ ಈ ಒಂದು ಗುಟ್ಟು ಮನೆಯವರನ್ನೂ ಹಕ್ಕಿಯನ್ನೂ ಒಟ್ಟಿಗೆ ಕಾಯುತ್ತದೆ.

ಹೆಜ್ಜೆ 3: ವಾಟ್ಸಾಪನ್ನು ಸರಿಮಾಡಿಕೊಳ್ಳುವುದು

ನಮ್ಮ ಕಡೆ ಬಳಗ ಅಂದರೆ ವಾಟ್ಸಾಪ್ ಗ್ರೂಪ್. ಅದರ ದೊಡ್ಡ ಕಷ್ಟ ಇದು: ಗ್ರೂಪಿಗೆ ಸೇರಿದ ತಕ್ಷಣ ನಿಮ್ಮ ನಂಬರು ಉಳಿದ ಎಲ್ಲರಿಗೂ ಕಾಣುತ್ತದೆ. ಒಂದು ಗ್ರೂಪಿನಲ್ಲಿ 1024 ಜನರ ತನಕ ಇರಬಹುದು. ಹೆಂಗಸರು ಹಕ್ಕಿಯ ಬಗ್ಗೆ ಒಂದು ಪ್ರಶ್ನೆ ಕೇಳಿದ ದಿನವೇ ಅವರಿಗೆ ಗುರುತಿಲ್ಲದ ನಂಬರಿನಿಂದ ಗುಡ್ ಮಾರ್ನಿಂಗ್ ಬರುವುದನ್ನು ನಾನು ನೋಡಿದ್ದೇನೆ. ಅವರು ದೂರುವುದಿಲ್ಲ, ಸುಮ್ನೆ ಮಾತು ನಿಲ್ಲಿಸುತ್ತಾರೆ. ಬಳಗ ಕಳೆದುಕೊಳ್ಳುವುದು ಹೀಗೆ.

ಅದಕ್ಕೆ ಮೂರು ಪದರ ಮಾಡಿ. ಅಂಗಳಕ್ಕೆ ವಾಟ್ಸಾಪ್ ಚಾನೆಲ್ ಇಡಿ. ಅಲ್ಲಿ ಹಿಂಬಾಲಿಸುವವರಿಗೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ನಡೆಸುವವರ ನಂಬರೂ ಕಾಣುವುದಿಲ್ಲ. ಆದರೆ ಚಾನೆಲ್‌ನ ಸುದ್ದಿಯನ್ನು ವಾಟ್ಸಾಪ್ ತನ್ನಲ್ಲಿ 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ, ಆದ್ದರಿಂದ ಅದು ದಾಖಲೆಯ ಜಾಗ ಅಲ್ಲ. ಎರಡನೆಯದು ಕಮ್ಯುನಿಟಿ. ಅದರ ಪ್ರಕಟಣೆಯ ಗುಂಪಿನಲ್ಲಿ ಸಾಮಾನ್ಯ ಸದಸ್ಯರ ನಂಬರು ಉಳಿದ ಸದಸ್ಯರಿಗೆ ಕಾಣುವುದಿಲ್ಲ, ಅಡ್ಮಿನ್‌ಗಳಿಗೆ ಕಾಣುತ್ತದೆ. ಮೂರನೆಯದು ಅದರೊಳಗಿನ ಸಣ್ಣ ಗ್ರೂಪ್, ಅದಕ್ಕೆ ಸೇರಿದಾಗ ಮಾತ್ರ ನಂಬರು ಹೊರಗೆ ಬರುತ್ತದೆ. ಇದನ್ನು ಸೇರುವವರಿಗೆ ಮೊದಲೇ ಹೇಳಿ. ಮಾತಾಡಬೇಕು ಅನ್ನುವವರು ಸಣ್ಣ ಗ್ರೂಪಿಗೆ ಬರಲಿ, ಓದಿದರೆ ಸಾಕು ಅನ್ನುವವರು ಹೊರಗೆ ಇರಲಿ. ನಮ್ಮಲ್ಲಿ ಜಾಸ್ತಿ ಜನ ಬರೀ ಓದುವುದನ್ನೇ ಆರಿಸಿದರು.

ಇನ್ನು ಗ್ರೂಪಿನ ಒಳಗಿನ ಸೆಟ್ಟಿಂಗ್. ಹೊಸಬರನ್ನು ಅಡ್ಮಿನ್ ಒಪ್ಪಬೇಕು ಎಂಬುದನ್ನು ಆನ್ ಮಾಡಿ. ಆಗ ಲಿಂಕ್ ಎಲ್ಲಿಗೆ ಹೋದರೂ ಬಾಗಿಲ ಹತ್ತಿರ ಒಬ್ಬರು ನಿಂತಿರುತ್ತಾರೆ. ಸೇರುವ ಲಿಂಕನ್ನು ಆರು ತಿಂಗಳಿಗೊಮ್ಮೆ ಬದಲಿಸಿ, ಹಳೆಯ ಲಿಂಕ್ ಅಲ್ಲಿಗೆ ಸಾಯುತ್ತದೆ. 2020ರ ಫೆಬ್ರವರಿಯಲ್ಲಿ ಎಷ್ಟೋ ವಾಟ್ಸಾಪ್ ಗ್ರೂಪುಗಳ ಲಿಂಕ್‌ಗಳು ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತಿದ್ದವು. ಯಾರೋ ಎಲ್ಲೋ ಎಲ್ಲರಿಗೂ ಕಾಣುವ ಕಡೆ ಅಂಟಿಸಿದ ಲಿಂಕ್ ಅದು. ಚ್ಯಾಟನ್ನು ಹೊರಗೆ ತೆಗೆಯದಂತೆ ತಡೆಯುವ ಸೆಟ್ಟಿಂಗೊಂದು 2025ರಲ್ಲಿ ಬಂದಿದೆ, ಅದನ್ನೂ ಆನ್ ಮಾಡಿ. ಆದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವವರನ್ನು ಯಾವ ಸೆಟ್ಟಿಂಗೂ ನಿಲ್ಲಿಸುವುದಿಲ್ಲ. ಹಾಗಾಗಿ ಒಳಮನೆಯ ಮಾತನ್ನು ಗ್ರೂಪಿನಲ್ಲಿ ಆಡಲೇಬೇಡಿ. ನಾವು ಗೂಡಿನ ಜಾಗವನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಡುತ್ತೇವೆ, ಅದರ ಒಂದು ನಕಲು ಇನ್ನೊಬ್ಬರ ಮನೆಯಲ್ಲಿದೆ.

ಸದಸ್ಯರಿಗೂ ಒಂದು ಕೆಲಸ ಹೇಳಿಕೊಡಿ: ತಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು, ಪ್ರೊಫೈಲ್ ಫೋಟೊ ಯಾರಿಗೆ ಕಾಣಬೇಕು ಎಂಬ ಎರಡು ಸೆಟ್ಟಿಂಗನ್ನು ಪರಿಚಯದವರಿಗೆ ಮಾತ್ರ ಅಂತ ಇಡುವುದು. ಹಿರಿಯರಿದ್ದರೆ ಪಕ್ಕದಲ್ಲಿ ಕೂತು ಮಾಡಿಕೊಡಿ. ಎರಡು ನಿಮಿಷದ ಕೆಲಸ.

ಹೆಜ್ಜೆ 4: ಫೋಟೊದೊಳಗಿನ ದಾರಿ

ಫೋನಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಜಾಗದ ಗುರುತು ಕೂತಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಕಳಿಸಿದರೆ ಆ ಗುರುತು ಹೋಗುತ್ತದೆ. ಆದರೆ ಚಿತ್ರ ಸ್ಪಷ್ಟವಾಗಿರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುರುತೂ ಜೊತೆಗೇ ಹೋಗುತ್ತದೆ. ಹಕ್ಕಿ ಫೋಟೊ ತೆಗೆಯುವವರು ಹೀಗೆ ಕಳಿಸುವುದೇ ಜಾಸ್ತಿ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ ತೆಗೆದರೆ ಈ ಚಿಂತೆ ಇಲ್ಲ.

ಕಣ್ಣಿಗೆ ಕಾಣುವ ಗುರುತು ಇನ್ನೂ ಮುಖ್ಯ. ಫೋಟೊ ಹಾಕುವ ಮೊದಲು ನಾಲ್ಕು ಮೂಲೆ ನೋಡಿ. ಮನೆಯ ಹೆಸರಿನ ಫಲಕ, ಬೈಕಿನ ನಂಬರ್ ಪ್ಲೇಟು, ಕರೆಂಟ್ ಕಂಬದ ಮೇಲಿನ ನಂಬರು, ಶಾಲೆಯ ಬಸ್ಸು. ನಮ್ಮ ಕಡೆ ನೀರಿಗಾಗಿ ಗುಡ್ಡೆಯೊಳಗೆ ಕೊರೆದ ಸುರಂಗದ ಬಾಯಿ ಕಂಡರೂ ಸಾಕು, ಇದು ಇಂಥವರ ಗುಡ್ಡೆ ಅಂತ ಊರವರು ಹೇಳಿಬಿಡುತ್ತಾರೆ. ಹಕ್ಕಿಯಷ್ಟೇ ಉಳಿಯುವ ಹಾಗೆ ಕತ್ತರಿಸಿ ಹಾಕಿ. ಕತ್ತರಿಸಿದ ಮೇಲೆ ಚಿತ್ರ ಇನ್ನೂ ಚೆಂದ ಆಗುವುದೂ ಇದೆ.

ಇನ್ನೊಂದು ಅಭ್ಯಾಸ ನಮಗೆ ಬಹಳ ಉಪಯೋಗವಾಯಿತು: ಮನೆಗೆ ಬಂದ ಮೇಲೆ ಹಾಕುವುದು. ಪದವಿನಲ್ಲಿ ನಿಂತುಕೊಂಡೇ ಹಾಕಿದರೆ ನೀವು ಎಲ್ಲಿದ್ದೀರಿ, ಮನೆಯಲ್ಲಿ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಸಂಜೆ ಹಾಕಿದರೆ ಹಕ್ಕಿಯ ಸುದ್ದಿಗೆ ಏನೂ ಕಡಿಮೆಯಾಗುವುದಿಲ್ಲ. ಗೂಡಿನ ಫೋಟೊವನ್ನಂತೂ ಮರಿ ಹಾರಿಹೋದ ಮೇಲೆಯೇ ಹಾಕಿ.

ಹೆಜ್ಜೆ 5: ದಾಖಲೆ ಎಲ್ಲಿ, ಹೇಗೆ

ಮಾಷ್ಟ್ರ ಆರು ವರ್ಷದ ಟಿಪ್ಪಣಿ ಹೋದ ಮೇಲೆ ನಾವು ಕಲಿತದ್ದು ಇದು. ಬಳಗದ ತಿಳಿವಳಿಕೆ ಫೋನಿನೊಳಗೆ ಉಳಿಯಬಾರದು. ಸಾರ್ವಜನಿಕ ದಾಖಲೆಗೆ ಶಕ್ತಿ ಇದೆ. 2015ರಿಂದ 2020ರ ತನಕ ನಡೆದ ಕೇರಳ ಪಕ್ಷಿ ಅಟ್ಲಾಸ್ ಕೆಲಸದಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯದ ಹಕ್ಕಿಗಳ ನಕ್ಷೆ ಮಾಡಿದರು. ಎಲ್ಲರೂ ತಮ್ಮ ಪಟ್ಟಿಯನ್ನು ಬಚ್ಚಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಈಬರ್ಡ್ ಅಂದರೆ ಕಂಡ ಹಕ್ಕಿಗಳ ಪಟ್ಟಿ ಹಾಕುವ ಜಾಲತಾಣ. ಅಲ್ಲಿ ಪಟ್ಟಿ ಹಾಕುವಾಗ ಎಲ್ಲರಿಗೂ ಗೊತ್ತಿರುವ ಜಾಗವಾದರೆ ಹಾಟ್‌ಸ್ಪಾಟ್ ಅಂತ ಇರುವುದನ್ನೇ ಆರಿಸಿ. ಮನೆಯಿಂದ ಹಾಕುವವರು ಹುಷಾರಾಗಿರಬೇಕು. ಜಾಗಕ್ಕೆ ನೀವು ಕೊಡುವ ಹೆಸರು ಎಲ್ಲರಿಗೂ ಕಾಣುತ್ತದೆ. ನಮ್ಮ ಸದಸ್ಯರೊಬ್ಬರು ಮನೆಯ ಹೆಸರು, ವಾರ್ಡ್ ನಂಬರು ಎರಡನ್ನೂ ಬರೆದಿದ್ದರು. ಊರಿನ ಹೆಸರಷ್ಟೇ ಇಡಿ, ಗುರುತಿನ ಪಿನ್ನನ್ನು ಮಾಡಿನ ಮೇಲೆ ಇಡದೆ ಹತ್ತಿರದ ಜಂಕ್ಷನ್ನಿಗೆ ಸರಿಸಿ. ನಿಮ್ಮ ಹೆಸರು ಕಾಣುವುದು ಬೇಡ ಅಂದರೆ ಅನಾಮಧೇಯವಾಗಿ ಇರುವ ಆಯ್ಕೆಯೂ ಅಲ್ಲಿದೆ. ಬೇಟೆ, ಹಿಡಿಯುವವರ ಕಾಟ ಇರುವ ಕೆಲವು ಹಕ್ಕಿಗಳ ಜಾಗವನ್ನು ಈಬರ್ಡ್ ತಾನೇ ಮರೆಮಾಡುತ್ತದೆ.

ಗಿಡ, ಪ್ರಾಣಿ, ಹಕ್ಕಿ ಎಲ್ಲವನ್ನೂ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಇನ್ನೂ ಚೆನ್ನಾದ ವ್ಯವಸ್ಥೆ ಇದೆ. ಪ್ರತಿ ದಾಖಲೆಗೂ ಜಾಗವನ್ನು ತೆರೆದಿಡಬಹುದು, ಮಸುಕು ಮಾಡಬಹುದು, ಪೂರ್ತಿ ಮುಚ್ಚಬಹುದು. ಮಸುಕು ಮಾಡಿದರೆ ನಿಜವಾದ ಜಾಗದ ಬದಲು ಸುಮಾರು 22 ಕಿ.ಮೀ. ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಎಷ್ಟು ದೊಡ್ಡ ಚೌಕ ಅಂತ ಯೋಚಿಸಿ, ಕಾಸರಗೋಡು ಪೇಟೆಯಿಂದ ಹೆಚ್ಚುಕಡಿಮೆ ಮುಳ್ಳೇರಿಯದ ತನಕ. ದಿನಾಂಕದ ಬದಲು ತಿಂಗಳು ಮಾತ್ರ ಕಾಣುತ್ತದೆ. ನಿಮಗೆ ನಂಬಿಕೆ ಇರುವ ಯೋಜನೆಯವರಿಗೆ ಮಾತ್ರ ನಿಜವಾದ ಜಾಗ ಕಾಣುವ ಹಾಗೂ ಮಾಡಬಹುದು. ನಾನು ಹೊಸಬರಿಗೆ ಹೇಳುವುದು: ಮನೆ, ತೋಟ, ಗೂಡು ಈ ಮೂರಕ್ಕೆ ಮಸುಕು, ಉಳಿದದ್ದಕ್ಕೆ ತೆರೆದ ಜಾಗ. ಪೂರ್ತಿ ಮುಚ್ಚುವುದು ಬೇಕಾಗುವುದು ಬಹಳ ಕಡಿಮೆ.

ಹಾಕುವ ಮೊದಲೇ ಯೋಚಿಸಬೇಕು, ಯಾಕೆಂದರೆ ಇಂಥ ದಾಖಲೆಗಳು ಅಲ್ಲೇ ನಿಲ್ಲುವುದಿಲ್ಲ. ಎರಡೂ ಕಡೆಯಿಂದ ಜಿಬಿಐಎಫ್ ಎಂಬ ಜಗತ್ತಿನ ದೊಡ್ಡ ಭಂಡಾರಕ್ಕೆ ಮಾಹಿತಿ ಹೋಗುತ್ತದೆ. ಅಲ್ಲಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಮೇಲೆ ನೀವು ಅಳಿಸಿದರೂ ಇಳಿಸಿಕೊಂಡವರ ಹತ್ತಿರ ನಕಲು ಇರುತ್ತದೆ.

ಹೆಜ್ಜೆ 6: ಕೇಳುವುದು ಹೇಗೆ

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ನಮ್ಮಂಥ ಬಳಗಕ್ಕೆ ಉಪಯೋಗವಾಗುವ ಮಾತುಗಳಿವೆ. ಯಾವುದಕ್ಕೆ ಅಂತ ಹೇಳಿ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ಸು ತೆಗೆದುಕೊಳ್ಳಲು ಆಗಬೇಕು. 18 ತುಂಬದವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು.

ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ವಿವರ ಸಿಗಬೇಕು ಅಂತಲೂ ಆ ಕಾಯ್ದೆಯಲ್ಲಿದೆ. ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಅದರಲ್ಲಿವೆ. ತುಳು ಇಲ್ಲ, ಬ್ಯಾರಿ ಇಲ್ಲ. ನಮ್ಮ ಊರಿನಲ್ಲಿ ಅರ್ಧ ಮಾತು ಇವೆರಡರಲ್ಲೇ ನಡೆಯುತ್ತದೆ. ಅದಕ್ಕೆ ನಾವು ನಿಯಮವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ತುಳುವಿನಲ್ಲೂ ಬ್ಯಾರಿಯಲ್ಲೂ ಒಂದೊಂದು ನಿಮಿಷದ ವಾಯ್ಸ್ ಮಾಡಿ ಕಳಿಸುತ್ತೇವೆ. ಅರ್ಥವಾಗದ ಭಾಷೆಯಲ್ಲಿ ಕೇಳಿ ಹೂಂ ಅನ್ನಿಸಿಕೊಂಡರೆ ಅದು ಒಪ್ಪಿಗೆ ಅಲ್ಲ.

ಕೇಳುವ ಮಾತು ಸರಳವಾಗಿರಲಿ. ನಾವು ಹೀಗೆ ಕೇಳುತ್ತೇವೆ: "ಅಕ್ಕಾ, ನಿಮ್ಮ ಈ ಫೋಟೊವನ್ನು ಚಾನೆಲ್‌ಗೆ ಹಾಕಬಹುದಾ? ಹೆಸರು ಹಾಕಬೇಕಾ, ಬೇಡವಾ? ಊರಿನ ಹೆಸರು ಬೇಡ, ಪಂಚಾಯತು ಮಾತ್ರ ಹಾಕುತ್ತೇವೆ. ಬೇಡ ಅಂದರೂ ಏನೂ ಬೇಜಾರಿಲ್ಲ." ಎಲ್ಲರ ಮುಂದೆ ಕೇಳಬೇಡಿ, ಅವರ ನಂಬರಿಗೆ ಬೇರೆಯಾಗಿ ಕೇಳಿ. ನೂರು ಜನರ ಎದುರು ಬೇಡ ಅನ್ನಲು ನಮ್ಮವರಿಗೆ ಮುಜುಗರ. ಉತ್ತರ ಬರದಿದ್ದರೆ ಬೇಡ ಅಂತಲೇ ತಿಳಿಯಿರಿ.

ಮಕ್ಕಳ ಮುಖ ಅಂಗಳಕ್ಕೆ ಬೇಡ. ದುರ್ಬೀನು ಹಿಡಿದು ಬೆನ್ನು ತೋರಿಸಿ ನಿಂತ ಫೋಟೊ ಸಾಕು, ಶಾಲೆಯ ಹೆಸರು ಬೇಡವೇ ಬೇಡ.

ಹೆಜ್ಜೆ 7: ಬರುವವರು, ಹೋಗುವವರು

ಸೇರುವವರಿಗೆ ಒಂದು ಫೋನ್ ಕರೆ ಮಾಡಿ. ಹಕ್ಕಿಯ ಬಗ್ಗೆ ಐದು ನಿಮಿಷ ಮಾತಾಡಿ. ಗುರುತಿನ ಚೀಟಿ ಕೇಳಬೇಡಿ, ಅದನ್ನು ಇಟ್ಟುಕೊಳ್ಳುವ ಹೊಣೆ ನಿಮಗೆ ಯಾಕೆ? ಮಾತಿನಲ್ಲೇ ತಿಳಿಯುತ್ತದೆ. ಮೊದಲ ಪ್ರಶ್ನೆಯೇ ಗೂಡು ಎಲ್ಲಿದೆ ಅಂತ ಇದ್ದರೆ ಅವರು ಸ್ವಲ್ಪ ದಿನ ಚಾನೆಲ್‌ನಲ್ಲೇ ಇರಲಿ.

ಹೋಗುವವರ ವಿಷಯದಲ್ಲಿ ನಮ್ಮ ನಿಯಮ ಇಷ್ಟು: ಹಕ್ಕಿಯ ದಾಖಲೆ ಉಳಿಯುತ್ತದೆ, ಅವರ ಹೆಸರು ಬೇಡ ಅಂದರೆ ತೆಗೆಯುತ್ತೇವೆ, ನಂಬರು ವಿಳಾಸ ಒಂದು ವಾರದಲ್ಲಿ ಅಳಿಸುತ್ತೇವೆ. ಇದನ್ನು ಸೇರುವ ದಿನವೇ ಹೇಳಿರಬೇಕು.

ಹೆಜ್ಜೆ 8: ಸೋರಿದಾಗ ಮೊದಲ ಒಂದು ಗಂಟೆ

ಎಷ್ಟು ಜಾಗ್ರತೆ ಮಾಡಿದರೂ ಒಂದು ದಿನ ಯಾರದೋ ವಿಳಾಸ ಹೊರಗೆ ಹೋಗುತ್ತದೆ. ಆಗ ಮೊದಲು ಆ ಸದಸ್ಯರಿಗೆ ಕರೆ ಮಾಡಿ. ಗ್ರೂಪಿನಲ್ಲಿ ಚರ್ಚೆ ಆಮೇಲೆ. ಅವರು ಬೇರೆಯವರ ಬಾಯಿಂದ ಕೇಳಬಾರದು. ಆಮೇಲೆ ಸಂದೇಶ ಅಳಿಸಿ. ಗ್ರೂಪಿನಲ್ಲಿ ಯಾರು ಹಾಕಿದ್ದನ್ನೂ ಅಡ್ಮಿನ್ ಅಳಿಸಬಹುದು. ಅಳಿಸುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ದೂರು ಕೊಡಬೇಕಾಗಿ ಬಂದರೆ ಬೇಕು. 1930 ಸಹಾಯವಾಣಿ ಇರುವುದು ಆನ್‌ಲೈನ್ ಹಣದ ಮೋಸಕ್ಕೆ ಎಂಬುದು ನೆನಪಿರಲಿ, ಬೆದರಿಕೆ, ಕಿರುಕುಳ ಇದ್ದರೆ ಹತ್ತಿರದ ಪೊಲೀಸ್ ಠಾಣೆಗೆ ಆ ಸದಸ್ಯರ ಜೊತೆಯಲ್ಲಿ ಹೋಗಿ. ಜೊತೆಯಲ್ಲಿ ಎಂಬುದು ಮುಖ್ಯ.

ಅಡ್ಮಿನ್ ಆಗಲು ಹೆದರುವವರಿಗೆ ಒಂದು ವಿಷಯ. ಸದಸ್ಯರೊಬ್ಬರು ಹಾಕಿದ ತಪ್ಪು ಸಂದೇಶಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಅವರನ್ನು ಹೊಣೆ ಮಾಡಲಾಗದು ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಕಾನೂನು ಹಾಗಿದೆ. ಆದರೆ ಪೆರ್ಲದ ಅಕ್ಕನ ನಂಬರು ಕೊಟ್ಟದ್ದು ನಾವೇ, ಸದಸ್ಯರಲ್ಲ.

ಹೆಜ್ಜೆ 9: ವರ್ಷಕ್ಕೊಮ್ಮೆ ಕೂರುವುದು

ನಾವು ಜೂನ್‌ನಲ್ಲಿ ಕೂರುತ್ತೇವೆ. ಮಳೆಗೆ ನಡಿಗೆ ಕಡಿಮೆ, ಸಮಯ ಇರುತ್ತದೆ. ಮೂರು ಪಟ್ಟಿಯನ್ನೂ ತೆಗೆದು ಎರಡು ಪ್ರಶ್ನೆ ಕೇಳುತ್ತೇವೆ. ಹೊರಗಿರುವುದರಲ್ಲಿ ಯಾವುದು ಒಳಗೆ ಬರಬೇಕು? ಒಳಗಿರುವುದರಲ್ಲಿ ಯಾವುದು ಈಗ ಹೊರಗೆ ಹೋಗಬಹುದು? ಎರಡನೆಯ ಪ್ರಶ್ನೆ ಬಿಡಬೇಡಿ. ಬಿಟ್ಟರೆ ವರ್ಷವರ್ಷವೂ ಬಾಗಿಲು ಒಂದಿಷ್ಟು ಜಾಸ್ತಿ ಮುಚ್ಚುತ್ತಾ ಹೋಗುತ್ತದೆ. ಮರ ಬಿದ್ದುಹೋದ ಹಳೆಯ ಗೂಡಿನ ಕಥೆಯನ್ನು ಹೀಗೇ ನಾವು ಮನೆಯವರ ಒಪ್ಪಿಗೆ ಕೇಳಿ ಚಾನೆಲ್‌ಗೆ ಹಾಕಿದೆವು. ಶಾಲೆಯ ಮಕ್ಕಳು ಅದನ್ನು ಓದಿ ನಡಿಗೆಗೆ ಬಂದರು.

ಪೆರ್ಲದ ಅಕ್ಕನ ಮನೆಗೆ ನಾವಿಬ್ಬರು ಹೋಗಿ ಕ್ಷಮೆ ಕೇಳಿದ್ದೆವು. ಅವರು ಚಹಾ ಕೊಟ್ಟರು, ಗ್ರೂಪಿಗೆ ವಾಪಸ್ಸು ಬರುತ್ತೇನೆ ಅಂತ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕಳೆದ ಜೂನ್‌ನ ಒಂದು ರಾತ್ರಿ ಅವರ ನಂಬರಿನಿಂದ ಹನ್ನೊಂದು ಸೆಕೆಂಡಿನ ವಾಯ್ಸ್ ಬಂತು. ಮಳೆಯ ಸದ್ದು, ಅದರ ನಡುವೆ ಕಪ್ಪೆಬಾಯಿ ಹಕ್ಕಿಯ ಕೂಗು. ಕೆಳಗೆ ಬರೆದಿದ್ದರು: "ಪಟ್ಟಿಗೆ ಸೇರಿಸಿ. ಪಂಚಾಯತಿನ ಹೆಸರು ಮಾತ್ರ."